ತಿದ್ದಿದ ಮುಖ

ದೇವರ ಕೆಲಸಕ್ಕೆ ಫಿನಿಶಿಂಗ್ ಇಲ್ಲ ಎಂದು ಮೂವತ್ತೆರಡು ವರ್ಷ ಜಂಬದಿಂದ ಹೇಳಿಕೊಂಡು ತಿರುಗಿದವನು ನಾನು. ಕೇಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೊಳಗೆ ಅದು ನಿಜವೆಂದೇ ನಂಬಿದ್ದೆ. ದೇವರು ಮನುಷ್ಯನನ್ನು ತನ್ನ ಹಾಗೆಯೇ ಮಾಡಿದ ಎನ್ನುತ್ತಾರಲ್ಲ, ಹಾಗಾದರೆ ಬೆಳಗಿನ ಲೋಕಲ್ ಟ್ರೈನಿನಲ್ಲಿ ಎದುರು ಕೂತವರ ಮುಖ ನೋಡಿ. ಒಬ್ಬನ ಮೂಗು ಸೊಟ್ಟ, ಇನ್ನೊಬ್ಬಳ ಒಂದು ಕಣ್ಣು ಚಿಕ್ಕದು, ಮತ್ತೊಬ್ಬನ ದವಡೆ ಒಂದು ಪಕ್ಕಕ್ಕೆ ಜಾರಿದೆ. ಇಂಥ ಮಾಲು ನನ್ನ ಶೆಡ್ಡಿನಿಂದ ಹೊರಗೆ ಹೋಗಿದ್ದರೆ ಗಿರಾಕಿ ಅದನ್ನು ವಾಪಸು ತಂದು ನನ್ನ ಕಾಲ ಬುಡದಲ್ಲಿ ಇಟ್ಟು ಹೋಗುತ್ತಿದ್ದ.

ನನ್ನ ಹೆಸರು ಶಂಕ್ರೆಪ್ಪ. ರಾಯಚೂರು ಕಡೆಯ ಚಿತ್ರಗಾರರ ಮನೆಯವನು. ಮರಾಠಿ ಸೀಮೆಯ ಕಲ್ಯಾಣದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಬದಿಗೆ ನಮ್ಮದೊಂದು ತಗಡಿನ ಶೆಡ್ಡು ಇದೆ. ಅಲ್ಲಿ ಗಣಪತಿ ಮತ್ತು ದೇವಿಯ ಮಣ್ಣಿನ ಮೂರ್ತಿ ಮಾಡುತ್ತೇನೆ. ಹೆಂಡತಿ ಅನಸೂಯಾ ಕಿರೀಟ, ಸರ, ಸೀರೆಯ ಅಂಚು ನೋಡಿಕೊಳ್ಳುತ್ತಾಳೆ. ಮುಖ ಮಾತ್ರ ನನ್ನದು. ಕಣ್ಣು ಬರೆಯುವ ಕೆಲಸಕ್ಕೆ ಇಲ್ಲಿಯವರು ಆಖಣಿ ಎನ್ನುತ್ತಾರೆ. ಠಾಣೆ ಪಟ್ಟಣದಿಂದ ಬದಲಾಪುರದವರೆಗೆ ಎಷ್ಟೋ ಗಣಪತಿ ಮಂಡಳಿಗಳವರು ಮೂರ್ತಿಯನ್ನು ಬೇರೆ ಕಡೆ ಮಾಡಿಸಿದರೂ ಕಣ್ಣು ಬರೆಸಲು ನನ್ನ ಹತ್ತಿರ ತರುತ್ತಾರೆ. ಎಡಗಣ್ಣಿಗೂ ಬಲಗಣ್ಣಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರದ ಹಾಗೆ ಬರೆಯುವವನು ಎಂಬ ಹೆಸರು ನನಗಿದೆ.

ಕಳೆದ ಜುಲೈಯಲ್ಲಿ ಒಂದು ಬೆಳಿಗ್ಗೆ ಅಭಿಜಿತ್ ಬಂದ. ಅವನು ರೈಲ್ವೆ ಪೊಲೀಸಿನಲ್ಲಿ ಹವಾಲ್ದಾರ. ವರ್ಷವೂ ತನ್ನ ಮನೆಯ ಗಣಪತಿಯನ್ನು ನನ್ನಲ್ಲೇ ಕೊಂಡುಹೋಗುವವನು, ಸಭ್ಯ ಮನುಷ್ಯ. ಅವತ್ತು ಚಹಾ ಕೂಡ ಬೇಡ ಎಂದ. ಎರಡು ದಿನದ ಹಿಂದೆ ಗರ್ದಿಯ ಗಾಡಿಯಿಂದ ಒಬ್ಬಳು ಹುಡುಗಿ ಬಿದ್ದು ಸತ್ತಿದ್ದಳು. ಫೋನ್ ಸಿಕ್ಕಿಲ್ಲ, ಪರ್ಸ್ ಸಿಕ್ಕಿಲ್ಲ, ಯಾರೂ ಹುಡುಕಿಕೊಂಡು ಬಂದಿಲ್ಲ. ಮುಖದ ಬಲ ಅರ್ಧ ಉಳಿದಿಲ್ಲ, ಹಾಗಾಗಿ ಫೋಟೊ ಹಾಕುವ ಹಾಗಿಲ್ಲ.

"ಕಾಕಾ, ಆಧಾ ಚೆಹರಾ ಹೈ. ಆಪ್ ಪೂರಾ ಬನಾ ದೋ," ಎಂದ. ಅರ್ಧ ಮುಖ ಇದೆ, ಪೂರ್ತಿ ಮಾಡಿಕೊಡಿ ಎಂದು. "ಬೋರ್ಡಿಗೆ ಹಾಕ್ತೀನಿ. ಅವಳ ಮನೆಯವರು ಯಾರಾದ್ರೂ ನೋಡಬಹುದು."

ಅವನು ಅರ್ಧ ಹಿಂದಿಯಲ್ಲಿ, ಅರ್ಧ ತನಗೆ ಬರುವ ಕನ್ನಡದಲ್ಲಿ ಮಾತಾಡುತ್ತಾನೆ. ಇಂತಿಷ್ಟು ದಿನದಲ್ಲಿ ಯಾರೂ ಬಾರದಿದ್ದರೆ ನಿಯಮದ ಪ್ರಕಾರ ಸರಕಾರವೇ ಅಂತ್ಯಸಂಸ್ಕಾರ ಮಾಡಿ ಮುಗಿಸುತ್ತದೆ, ಆಮೇಲೆ ಆ ಹುಡುಗಿ ರಿಜಿಸ್ಟರಿನ ಒಂದು ನಂಬರು ಮಾತ್ರ ಎಂದೂ ಹೇಳಿದ. ನಾನು ಪೆನ್ಸಿಲ್ಲು, ಹಾಳೆ ತೆಗೆದುಕೊಂಡು ಹೊರಟೆ.

ಶವಾಗಾರದಲ್ಲಿ ಅವಳನ್ನು ತೊಳೆದು ಮಲಗಿಸಿದ್ದರು. ಬಲ ಅರ್ಧಕ್ಕೆ ಬಿಳಿ ಬಟ್ಟೆ ಮುಚ್ಚಿತ್ತು. ಎಡ ಅರ್ಧ ನಿದ್ದೆ ಮಾಡುವವರ ಮುಖದಂತೆಯೇ ಇತ್ತು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಕಿವಿಯಲ್ಲಿ ಒಂದು ಸಣ್ಣ ಹಿತ್ತಾಳೆ ಹೂವು. ಮೇಲಿನ ತುಟಿಯಲ್ಲಿ ಎಡ ಹೊಳ್ಳೆಯಿಂದ ಕೆಳಗೆ ಇಳಿದ ಒಂದು ಹಳೆಯ ಹೊಲಿಗೆಯ ಗೆರೆ. ಹುಟ್ಟುವಾಗ ಸೀಳುತುಟಿ ಇದ್ದು, ಚಿಕ್ಕಂದಿನಲ್ಲಿ ಹೊಲಿದದ್ದು. ಹೊಲಿದ ಕಡೆ ತುಟಿ ಸ್ವಲ್ಪ ಮೇಲಕ್ಕೆ ಎಳೆದುಕೊಂಡು ಒಂದು ಹಲ್ಲಿನ ತುದಿ ಕಾಣುತ್ತಿತ್ತು. ಏನೋ ಹೇಳಲು ಬಾಯಿ ತೆರೆಯುತ್ತಿದ್ದಾಳೆ ಎನ್ನಿಸುತ್ತಿತ್ತು.

ಇಲ್ಲಿ ನಾನು ಸುಳ್ಳು ಹೇಳಬಾರದು. ಆ ಗೆರೆಯನ್ನು ನಾನು ಚೆನ್ನಾಗಿಯೇ ನೋಡಿದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಬರೆಯತೊಡಗಿದಾಗ ಪೆನ್ಸಿಲ್ಲು ತುಟಿಯ ಹತ್ತಿರ ಒಂದು ಕ್ಷಣ ನಿಂತಿತು ಕೂಡ. ಪಾಪ, ಸತ್ತ ಮೇಲಾದರೂ ಚಂದ ಕಾಣಲಿ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ದಯೆಯಿಂದಲೋ ಕೈ ಅಭ್ಯಾಸದಿಂದಲೋ ಇವತ್ತಿಗೂ ತಿಳಿಯದು. ತುಟಿಯನ್ನು ಒಂದೇ ಎಳೆಯಲ್ಲಿ ಬಿಲ್ಲಿನಂತೆ ತಿದ್ದಿದೆ. ಮುಚ್ಚಿದ ಕಣ್ಣನ್ನು ತೆರೆದೆ, ಸ್ವಲ್ಪ ದೊಡ್ಡದು ಮಾಡಿದೆ. ಎಡ ಅರ್ಧ ಹೇಗೋ ಬಲ ಅರ್ಧವೂ ಹಾಗೆಯೇ ಬಂತು. ಅರ್ಧ ಗಂಟೆಯಲ್ಲಿ ಮುಖ ತಯಾರಾಯಿತು.

ಅಭಿಜಿತ್ ಅದನ್ನು ದೂರ ಹಿಡಿದು ನೋಡಿ, "ಏಕದಮ್ ದೇವೀ ಸಾರ್ಖೀ," ಎಂದ ಮರಾಠಿಯಲ್ಲಿ, ಥೇಟ್ ದೇವಿಯ ಹಾಗೆ. ನನಗೆ ಹೆಮ್ಮೆಯಾಯಿತು. ಸತ್ತವಳ ಎದುರಿನಿಂದ ಎದ್ದು ಬಂದು ಒಂದು ಗಂಟೆಯೂ ಆಗಿರಲಿಲ್ಲ, ನನಗೆ ಹೆಮ್ಮೆಯಾಯಿತು! ಅವನು ಚಿತ್ರದ ಕೆಳಗೆ ಮರಾಠಿಯಲ್ಲಿ ವಿವರ ಬರೆದ: ಎತ್ತರ, ಬಟ್ಟೆಯ ಬಣ್ಣ, ತುಟಿಯ ಮೇಲೆ ಹಳೆಯ ಹೊಲಿಗೆಯ ಗುರುತು. ತನ್ನ ಕೆಲಸವನ್ನು ಅವನು ಸರಿಯಾಗಿಯೇ ಮಾಡಿದ. ಕಲ್ಯಾಣ, ಡೊಂಬಿವಲಿ, ಠಾಣೆ, ಬದಲಾಪುರ, ಅತ್ತ ಪನವೇಲಿನವರೆಗೆ ಸ್ಟೇಷನ್ನಿನ ಬೋರ್ಡುಗಳಲ್ಲಿ ಅವಳ ಮುಖ ಏರಿತು.

ದಿನಕ್ಕೊಂದು ಸಲ ಅವನಿಗೆ ಫೋನು ಮಾಡುತ್ತಿದ್ದೆ. ಯಾರಾದರೂ ಬಂದರೇ? ಇಲ್ಲ ಕಾಕಾ. ಅವಳು ಬಿದ್ದ ಹದಿನೇಳನೆಯ ದಿನ ಅವನೇ ಫೋನು ಮಾಡಿದ. ಆ ಬೆಳಿಗ್ಗೆ ವಿದ್ಯುತ್ ಚಿತಾಗಾರದಲ್ಲಿ ಸುಟ್ಟರಂತೆ. ಅವನೊಬ್ಬನೇ ನಿಂತು ಕೈಮುಗಿದು ಬಂದನಂತೆ.

ಅಲ್ಲಿಂದ ಶುರುವಾಯಿತು.

ಮೊದಲು ಅವಳು ಟ್ರೈನಿನಲ್ಲಿ ಕಂಡಳು. ಡೊಂಬಿವಲಿಯ ಪ್ಲಾಟ್‌ಫಾರಂನಲ್ಲಿ ಹೆಂಗಸರ ಡಬ್ಬಿ ನನ್ನ ಮುಂದೆ ಹಾದುಹೋಯಿತು. ಬಾಗಿಲಲ್ಲಿ ನಿಂತವಳೊಬ್ಬಳ ತುಟಿ ಎಡಕ್ಕೆ ಮೇಲೆದ್ದಿತ್ತು. ಗಾಡಿ ನಿಂತಾಗ ಓಡಿಹೋಗಿ ನೋಡಿದೆ. ಆಕೆ ಬೇರೆ ಯಾರೋ, ತುಟಿ ಸರಿಯಾಗಿಯೇ ಇತ್ತು. ನನ್ನ ಓಟ ನೋಡಿ ಹೆದರಿ ಒಳಗೆ ಸರಿದಳು. ಮತ್ತೊಂದು ದಿನ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ನನ್ನದೇ ತುಟಿಯ ಮೇಲೆ ಒಂದು ಗೆರೆ ಕಂಡಿತು. ಸೋಪಿನ ನೊರೆ ಇರಬೇಕೆಂದು ಒರೆಸಿದೆ, ಹೋಯಿತು. ಮಧ್ಯಾಹ್ನ ಅನಸೂಯಾ ಚಾಪೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದಾಗ ಅವಳ ಮುಖದ ಬಲ ಅರ್ಧವನ್ನು ಸೆರಗು ಮುಚ್ಚಿತ್ತು. ನಾನು ಕಿರುಚಿಕೊಂಡೆ. ಅವಳು ಎದ್ದು ಕೂತು ಏನಾಯಿತೆಂದು ಕೇಳಿದಳು. ಹಲ್ಲಿ ಬಿತ್ತು ಎಂದೆ.

ಗಣಪತಿಯ ಸೀಸನ್ನು ಬಂತು, ಇನ್ನೂರು ಚಿಲ್ಲರೆ ಮೂರ್ತಿಗಳಿಗೆ ಕಣ್ಣು ಬರೆದೆ. ಆನೆಯ ಸೊಂಡಿಲಿಗೆ ತುಟಿಯ ಕಾಟವಿಲ್ಲ, ಬಚಾವಾದೆ ಎಂದುಕೊಂಡಿದ್ದೆ. ಆದರೆ ಹಳೆಯ ಗಿರಾಕಿಯೊಬ್ಬರು ಮೂರ್ತಿ ಒಯ್ಯುವಾಗ ಹಿಂದೆ ಮುಂದೆ ನೋಡಿ, ಈ ವರ್ಷ ನಿಮ್ಮ ಗಣಪತಿ ನಮ್ಮನ್ನು ನೋಡುವುದಿಲ್ಲ, ನಮ್ಮ ಬೆನ್ನ ಹಿಂದೆ ಯಾರನ್ನೋ ನೋಡುತ್ತಾನೆ ಎಂದರು. ನಾನು ಬೇರೆ ಮೂರ್ತಿ ತೋರಿಸಿದೆ. ಅದೂ ಹಾಗೆಯೇ ನೋಡುತ್ತಿತ್ತು. ಅವರು ಮೊದಲನೆಯದನ್ನೇ ತೆಗೆದುಕೊಂಡು ಹೋದರು.

ಆಮೇಲೆ ಶಾರದೆ ಬಂದಳು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಜಯಶೀಲ ಎನ್ನುವವರು ತಮ್ಮ ಸಂಘದ ನವರಾತ್ರಿಗೆ ಪ್ರತಿವರ್ಷ ನಾಲ್ಕಡಿಯ ಶಾರದೆಯನ್ನು ನನ್ನ ಕೈಯಲ್ಲೇ ಮಾಡಿಸುತ್ತಾರೆ. ದೊಡ್ಡ ಮೂರ್ತಿಗೆ ನಾನು ತಲೆಯನ್ನು ಬೇರೆಯಾಗಿ ಮಾಡಿ, ಒಣಗಿದ ಮೇಲೆ ಕುತ್ತಿಗೆಗೆ ಕೂರಿಸುತ್ತೇನೆ. ಅಚ್ಚು ಹಾಕುವುದಿಲ್ಲ, ಬೆರಳಲ್ಲೇ ಮುಖ ತೆಗೆಯುತ್ತೇನೆ. ಅವತ್ತು ಶಾಡೂ ಎನ್ನುವ ಒಳ್ಳೆಯ ಬೂದು ಜೇಡಿಮಣ್ಣು ಕಲಸಿ ಬೆಳಗಿನಿಂದ ಸಂಜೆಯವರೆಗೆ ಕೂತು ಮುಖ ಮಾಡಿದೆ. ತುಟಿ ತಿದ್ದುವಾಗ ಎರಡು ಪಟ್ಟು ಜಾಗ್ರತೆ ವಹಿಸಿದೆ. ನುಣುಪಾದ, ಶಾಂತ ಮುಖ. ಒದ್ದೆ ಬಟ್ಟೆ ಹೊದಿಸಿ ಮನೆಗೆ ಹೋದೆ.

ಬೆಳಿಗ್ಗೆ ಬಟ್ಟೆ ತೆಗೆದರೆ ಎಡ ಹೊಳ್ಳೆಯಿಂದ ತುಟಿಗೆ ಒಂದು ಬಿರುಕು.

"ಮಣ್ಣು ಆರಿದ್ರ ಬಿಡತೈತಿ. ಇದೇನು ಹೊಸಾದ?" ಎಂದಳು ಅನಸೂಯಾ. ಅವಳು ಹೇಳಿದ್ದು ಸರಿ. ಮಳೆಗಾಲದಲ್ಲಿ ಮಣ್ಣು ಮೇಲೆ ಒಣಗುತ್ತದೆ, ಒಳಗೆ ಹಸಿ ಇರುತ್ತದೆ, ಬಿರುಕು ಬಿಡುತ್ತದೆ. ಕಾಗದದ ಹಿಟ್ಟು ಸೇರಿಸಿ ತುಂಬಿದೆ, ತೀಡಿದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಬಿರುಕು. ಮತ್ತೆ ತುಂಬಿದೆ. ಮತ್ತೆ ಬಿಟ್ಟಿತು. ನನಗೆ ಸಿಟ್ಟು ನೆತ್ತಿಗೇರಿ ಆ ತಲೆಯನ್ನು ಒಡೆದು ಬಕೆಟಿಗೆ ಹಾಕಿದೆ. ಹೊಸ ಮೂಟೆ ಬಿಚ್ಚಿ, ಹೊಸ ಮಣ್ಣು ಕಲಸಿ, ಹೊಸ ತಲೆ ಮಾಡಿದೆ. ಒಣಗಿದ ಮೇಲೆ ನೋಡಿದರೆ ಹಣೆ, ಕೆನ್ನೆ, ಗದ್ದ ಎಲ್ಲಿಯೂ ಒಂದು ಕೂದಲೆಳೆಯ ಬಿರುಕು ಇಲ್ಲ. ಎಡ ಹೊಳ್ಳೆಯಿಂದ ತುಟಿಗೆ ಮಾತ್ರ ನೇರವಾಗಿ ಇಳಿದಿತ್ತು. ಬಿರುಕಿನ ಪಕ್ಕದಲ್ಲಿ ತುಟಿ ಒಣಗಿ ಸ್ವಲ್ಪ ಮೇಲಕ್ಕೆ ಎಳೆದುಕೊಂಡಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅನಸೂಯಾ ಬಂದು ನನ್ನನ್ನೂ ಮೂರ್ತಿಯನ್ನೂ ನೋಡಿದಳು.

"ಯಾರ ಮುಖ ಐತ್ರಿ ಇದು?" ಎಂದು ಕೇಳಿದಳು.

ಅವಳಿಗೆ ಎಲ್ಲವನ್ನೂ ಹೇಳಿದೆ. ಬೆಂಚು, ಪೆನ್ಸಿಲ್ಲು ನಿಂತದ್ದು, ತುಟಿಯನ್ನು ಒಂದೇ ಎಳೆಯಲ್ಲಿ ಮುಗಿಸಿದ್ದು, ದೇವಿಯ ಹಾಗೆ ಎಂದಾಗ ಉಬ್ಬಿದ್ದು. ಅನಸೂಯಾ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕೈಗೆ ಅಂಟಿದ ಜರಿಯ ಚೂರುಗಳನ್ನು ಒಂದೊಂದಾಗಿ ಕೀಳುತ್ತ ಕೂತಳು.

"ದೇವರ ಮುಖಾನ ನೀವು ಬೇಕಾದಂಗ ಮಾಡ್ರಿ, ಆತ ಬಂದು ಕೇಳಾಂಗಿಲ್ಲ," ಎಂದಳು ಕೊನೆಗೆ. "ಮನಿಷಾರ ಮುಖಾ ಹಂಗಲ್ರಿ. ಅದು ಆತ ಮಾಡಿದ್ದು. ಆತ ತನ್ನ ಕೈಯಾರೆ ಒಂದು ಗುರ್ತು ಹಾಕಿ ಕಳಿಸ್ಯಾನ, ಅದನ್ನ ಅಳಸಾಕ ನೀವ್ಯಾರು? ಅಕಿ ಮುಖ ಅಕಿಗೆ ವಾಪಸ್ ಕೊಡ್ರಿ ಮದ್ಲ."

ಅಲ್ಲೇ, ಆ ಬಿರುಕು ಬಿಟ್ಟ ತಲೆಯ ಎದುರು ಕೂತು ಮತ್ತೆ ಬರೆದೆ. ಈ ಸಲ ನೆನಪಿನಿಂದ. ಗೆರೆ, ಎಳೆದ ತುಟಿ, ಹಲ್ಲಿನ ತುದಿ, ಕಿವಿಯ ಹೂವು. ಕಣ್ಣನ್ನು ದೊಡ್ಡದು ಮಾಡಲಿಲ್ಲ. ಕೈ ಪದೇ ಪದೇ ತುಟಿಯನ್ನು ತಿದ್ದಲು ಹೋಗಿ ನಾಲ್ಕು ಹಾಳೆ ಹಾಳಾದವು. ಐದನೆಯದು ಅವಳು. ಅದನ್ನು ಅಭಿಜಿತ್‌ಗೆ ಕೊಟ್ಟಾಗ ಅವನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಹೀಚ್ ಹೋತೀ," ಎಂದ. ಇವಳೇ. ಆಮೇಲೆ, "ಕಾಕಾ, ಬಾಡಿ ಹೋಯ್ತಲ್ಲ," ಎಂದ.

ಆದರೂ ಎಲ್ಲ ಬೋರ್ಡುಗಳಲ್ಲಿ ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸಿದ.

ನವರಾತ್ರಿಗೆ ಒಂಬತ್ತು ದಿನ ಇರುವಾಗ ಜಯಶೀಲರು ಶಾರದೆಯನ್ನು ನೋಡಲು ಬಂದರು. ನಾನು ತಲೆಯನ್ನು ಕುತ್ತಿಗೆಯ ಮೇಲೆ ಸುಮ್ಮನೆ ಕೂರಿಸಿದ್ದೆ, ಬಣ್ಣ ಹಚ್ಚಿರಲಿಲ್ಲ. ಬಿರುಕನ್ನು ಮುಚ್ಚಿರಲಿಲ್ಲ. ಮುಚ್ಚಲು ಧೈರ್ಯವಿರಲಿಲ್ಲ. ಅವರು ಚಪ್ಪಲಿ ಬಿಚ್ಚಿ ಹತ್ತಿರ ಬಂದರು, ಕನ್ನಡಕ ಸರಿಮಾಡಿಕೊಂಡರು.

"ಇದೆಂತ ಮಾರಾಯ್ರೆ, ತುಟಿ ಒಡೆದ ಹಾಗೆ ಉಂಟಲ್ಲ?"

"ಹಂಗಽ ಬಂದೈತ್ರಿ," ಎಂದೆ.

"ಬಂದೈತಿ ಅಂದ್ರೆ? ನೀವಲ್ವಾ ಮಾಡಿದ್ದು? ಸರಿ ಮಾಡಿ ಅದನ್ನ."

"ಆಗೂದಿಲ್ರಿ."

ಅವರು ನನ್ನ ಮುಖ ನೋಡಿದರು. ಕುಡಿದಿದ್ದೇನೆಯೇ ಎಂದು ನೋಡಿದರೇನೋ. "ಶಂಕ್ರೆಪ್ಪ, ಭಿನ್ನ ಆದ ಮೂರ್ತಿಗೆ ಪೂಜೆ ಇಲ್ಲ, ನಿಮಗೆ ನಾನು ಹೇಳ್ಬೇಕಾ? ಜನ ಎಂತ ಹೇಳ್ತಾರೆ? ದೇವರ ಮುಖ ಇದ್ದ ಹಾಗೆ ಇರ್ಬೇಕು."

"ದೇವರ ಮುಖ ಹೆಂಗಿರತೈತಿ ನೀವು ನೋಡೀರೇನ್ರಿ?" ಎಂದು ಕೂಗಿಬಿಟ್ಟೆ. ಹದಿನೈದು ವರ್ಷದ ಗಿರಾಕಿ, ಒಂದು ದಿನವೂ ಜೋರು ಮಾತಾಡಿದವರಲ್ಲ. ನನ್ನ ದನಿ ತಗಡಿಗೆ ಬಡಿದು ವಾಪಸು ಬಂತು. ಅವರಿಗೆ ಬೇಜಾರಾಯಿತು, ಆದರೂ ಸಿಟ್ಟಾಗಲಿಲ್ಲ. ಆರೋಗ್ಯ ನೋಡಿಕೊಳ್ಳಿ ಎಂದು ನನಗೂ ಅನಸೂಯಾಳಿಗೂ ಹೇಳಿ, ಸಂಘಕ್ಕೆ ಬೇರೆ ಕಡೆ ವ್ಯವಸ್ಥೆ ಮಾಡುತ್ತೇನೆಂದು ಹೋದರು. ಬೇರೆ ಕಡೆಯಿಂದ ನುಣ್ಣಗಿನ ಪ್ಲಾಸ್ಟರಿನ ಶಾರದೆ ಬಂದಳೆಂದು ಆಮೇಲೆ ಕೇಳಿದೆ. ಜನರಿಗೆ ತುಂಬ ಇಷ್ಟವಾಯಿತಂತೆ.

ನಾನು ತಲೆಯನ್ನು ಇಳಿಸಿ ಹಲಗೆಯ ಮೇಲಿಟ್ಟೆ. ನನಗೆ ಒಂದೇ ಒಂದು ಬೇಕಿತ್ತು. ಈ ಮುಖಕ್ಕೆ ಒಂದು ಹೆಸರು ಇತ್ತು, ಅದನ್ನು ಕೂಗಿ ಕರೆದವರು ಎಲ್ಲೋ ಇದ್ದರು. ಅವರು ಬಂದು ಇವಳನ್ನು ಇವಳೆಂದು ಹೇಳಬೇಕು. ಹೇಳದೆ ಹೋದರೆ ನಾನು ಉಳಿದ ಆಯುಷ್ಯವೆಲ್ಲ ಪ್ರತಿ ಮುಖದಲ್ಲೂ ಅವಳನ್ನೇ ನೋಡುತ್ತ ಕೂರಬೇಕು.

ಮೂರು ದಿನ ಬಿಟ್ಟು ಮಧ್ಯಾಹ್ನ ಒಬ್ಬ ಹೆಂಗಸು ಶೆಡ್ಡಿನ ಬಾಗಿಲಲ್ಲಿ ನಿಂತಳು. ಐವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮೈ, ಕಾಲಿಗೆ ಸಿಮೆಂಟು ಹತ್ತಿದ ಪ್ಲಾಸ್ಟಿಕ್ ಚಪ್ಪಲಿ. ಕೈಯಲ್ಲಿ ನನ್ನ ಎರಡನೆಯ ಚಿತ್ರ. ಅಭಿಜಿತ್ ಅವಳ ಹೇಳಿಕೆ ಬರೆದುಕೊಂಡು, ವಿಳಾಸ ಕೊಟ್ಟು ಕಳಿಸಿದ್ದ.

"ಇದನ್ನ ಬರದಾವ ನೀನಽ ಏನಣ್ಣ?" ಎಂದಳು.

ನಮ್ಮ ಕಡೆಯ ಮಾತು ಕೇಳಿ ಅನಸೂಯಾ ಕುಂಚ ಬಿಟ್ಟು ಎದ್ದು ಬಂದು ಅವಳನ್ನು ಒಳಗೆ ಕೂರಿಸಿದಳು, ನೀರು ಕೊಟ್ಟಳು. ಅವಳ ಹೆಸರು ಮರೆಮ್ಮ. ಲಿಂಗಸುಗೂರಿನ ಹತ್ತಿರದವಳು. ಪನವೇಲಿನ ಹತ್ತಿರ ಕಾಮೋಠೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಹನ್ನೆರಡು ವರ್ಷವಾಗಿದೆ. ಗಂಡ ಇಲ್ಲ. ಒಬ್ಬಳೇ ಮಗಳು. ಬದಲಾಪುರದಲ್ಲಿ ಗೆಳತಿಯರೊಂದಿಗೆ ಖೋಲಿ ಮಾಡಿಕೊಂಡು ಉಲ್ಹಾಸನಗರದ ಒಂದು ಬಟ್ಟೆ ಕಾರ್ಖಾನೆಗೆ ಪ್ಯಾಕಿಂಗಿಗೆ ಹೋಗುತ್ತಿದ್ದಳು.

"ಹೆಸರೇನವ್ವ ಮಗಳದು?" ಎಂದು ಅನಸೂಯಾ ಕೇಳಿದಳು. ನನಗೆ ಕೇಳಲು ಆಗಿರಲಿಲ್ಲ.

"ಪದ್ಮಾವತಿ."

ಎರಡು ತಿಂಗಳು ನಾನು ಕಾದ ಹೆಸರು ಅದು. ಅದನ್ನು ಕೇಳಿದರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಇಷ್ಟು ದಿನ ಒಂದು ಮುಖವಾಗಿದ್ದವಳು ಈಗ ಒಬ್ಬ ಹುಡುಗಿಯಾಗಿಬಿಟ್ಟಳು.

ಮರೆಮ್ಮ ಅಳದೆ ಹೇಳಿದಳು. ಮಗಳ ಫೋನು ಹತ್ತದೆ ಆರು ದಿನವಾದ ಮೇಲೆ ಬದಲಾಪುರಕ್ಕೆ ಹೋದಳು. ಮಗಳು ಖೋಲಿಗೆ ಬಂದಿಲ್ಲ ಎಂದರು. ಯಾವನ ಹಿಂದೆಯೋ ಹೋಗಿರಬೇಕು, ಕಂಪ್ಲೇಂಟು ಕೊಟ್ಟರೆ ಹುಡುಗಿಯ ಹೆಸರು ಕೆಡುತ್ತದೆ ಎಂದು ಜೊತೆಯವರು ಹೆದರಿಸಿದರು. ರಜೆ ಸಿಕ್ಕ ದಿನವೆಲ್ಲ ತಾನೇ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಇಳಿದು, ಗೋಡೆಯ ಬೋರ್ಡಿನ ಮೇಲಿನ ಸತ್ತವರ ಮುಖ ನೋಡುತ್ತ ತಿರುಗಿದಳು. ಓದಲು ಬಾರದು. ಮುಖ ನೋಡುವುದು, ಮುಂದಿನ ಗಾಡಿ ಹತ್ತುವುದು.

"ಮದ್ಲಿನ ಚಿತ್ರ ನೋಡಿದ್ದೇನವ್ವ?" ಎಂದೆ. ಕೇಳದೆ ಇರಲಾಗಲಿಲ್ಲ.

"ನೋಡಿದ್ನೆಪ್ಪ. ಕಲ್ಯಾಣದಾಗ. ಅಕಿ ಕಾಣದಂಗಾಗಿ ಒಂಬತ್ತನೇ ದಿನ."

ಒಂಬತ್ತನೆಯ ದಿನ. ಹದಿನೇಳನೆಯ ದಿನದವರೆಗೆ ಪದ್ಮಾವತಿ ಶವಾಗಾರದಲ್ಲಿ ಮಲಗಿದ್ದಳು.

"ಎಷ್ಟು ಚಂದ ಇತ್ತು ಅದು," ಎಂದಳು ಮರೆಮ್ಮ. "ಯಾರ ಮನೀ ದೇವರಂಥಾ ಕೂಸೋ ಅಂದ್ಕೊಂಡೆ. ನನ್ನ ಮಗಳಲ್ಲ, ಸದ್ಯ ನನ್ನ ಮಗಳಲ್ಲ ಅಂತ ಅಲ್ಲೇ ನಿಂತು ದೇವರಿಗೆ ಕೈ ಮುಗದ್ನಿ."

ಅನಸೂಯಾ ಬಾಯಿಗೆ ಸೆರಗು ಹಿಡಿದಳು. ನಾನು ಮರೆಮ್ಮನ ಕಾಲ ಬಳಿ ಕೂತೆ. ತಪ್ಪು ನನ್ನದು, ತುಟಿಯನ್ನು ನಾನು ನೋಡಿದ್ದೆ, ನೋಡಿಯೂ ಅಳಿಸಿದೆ, ನೀನು ಬೈ, ಹೊಡಿ, ಏನು ಬೇಕಾದರೂ ಮಾಡು ಎಂದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬೈಯಾಕ ನನಗ ಬಾಯಿಲ್ಲಣ್ಣ. ನೀ ಮಾಡಿದ್ದನ್ನ ಅಕಿ ನನ್ನ ಹತ್ರ ಬೇಡಿದ್ಲು."

ಆಮೇಲೆ ಒಂದೊಂದಾಗಿ ಹೇಳಿದಳು. ನಾಲ್ಕು ವರ್ಷದವಳಿದ್ದಾಗ ರಾಯಚೂರಿನ ಉಚಿತ ಆಪರೇಷನ್ ಕ್ಯಾಂಪಿನಲ್ಲಿ ತುಟಿ ಹೊಲಿಸಿದ್ದರು. ಹುಡುಗಿ ದೊಡ್ಡವಳಾದ ಮೇಲೆ ಕನ್ನಡಿಯ ಮುಂದೆ ನಿಂತು ಬೆರಳಿನಿಂದ ತುಟಿಯನ್ನು ಕೆಳಗೆ ಒತ್ತಿಕೊಳ್ಳುತ್ತಿದ್ದಳು. ಎರಡು ಸಂಬಂಧ ಮುಖ ನೋಡಿ ತಿರುಗಿ ಹೋದವು. ಇಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಮತ್ತೊಮ್ಮೆ ಆಪರೇಷನ್ ಮಾಡಿದರೆ ಗೆರೆ ಕಾಣುವುದಿಲ್ಲ ಎಂದು ಯಾರೋ ಹೇಳಿದರು. ಜುಲೈಯಲ್ಲಿ ಅವಳು ಅಮ್ಮನಿಗೆ ಫೋನು ಮಾಡಿ, ಒಂದು ಸಲ ಜೊತೆಗೆ ಬಾ, ಸಹಿ ಹಾಕಲು ಮನೆಯವರು ಬೇಕು ಎಂದಳು.

"ನಾ ಒಲ್ಲೆ ಅಂದ್ನಿ. ದೇವರು ಕೊಟ್ಟ ಮುಖ, ಮತ್ತ ಕತ್ರಿ ಹಾಕಸಬ್ಯಾಡ ಅಂದ್ನಿ. ದೇವರು ತನ್ನಂಗ ಮಾಡ್ಯಾನ ಎಲ್ಲಾರ್ನೂ ಅಂದ್ನಿ. ಹಂಗಾದ್ರ ನಿನ್ನ ದೇವರ ತುಟೀನೂ ಹರದೈತೇನು ಅಂತ ಕೇಳಿ ಫೋನ್ ಇಟ್ಲು. ಅದಽ ಕಡೀ ಮಾತು."

 ಹೊರಗೆ ಖಾಡಿಯ ಸೇತುವೆಯ ಮೇಲೆ ಒಂದು ಗಾಡಿ ಹಾದುಹೋಯಿತು. ಮರೆಮ್ಮ ತಲೆ ಎತ್ತಿದಳು, ಅವಳ ಕಣ್ಣು ನನ್ನ ಹಿಂದಿನ ಹಲಗೆಯ ಮೇಲೆ ನಿಂತಿತು. ಬಟ್ಟೆ ಹೊದಿಸುವುದನ್ನು ನಾನು ಮರೆತಿದ್ದೆ.

ಅವಳು ಎದ್ದು ನಿಂತಳು. ನಿಧಾನವಾಗಿ ಹತ್ತಿರ ಹೋದಳು. ದೇವಿಯ ತಲೆ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಣ್ಣವಿಲ್ಲದ ಬೂದು ಮಣ್ಣಿನ ಮುಖ, ಕಣ್ಣು ಇನ್ನೂ ಬರೆದಿಲ್ಲ, ಒಡೆದ ತುಟಿ. "ಪದ್ದೀ," ಎಂದಳು. ಕಟ್ಟಡದ ಮೇಲಿನ ಮಹಡಿಯಿಂದ ಕೆಳಗಿದ್ದವರನ್ನು ಕರೆಯುವ ಹಾಗೆ ಜೋರಾಗಿ ಕರೆದಳು. ಆಮೇಲೆ ಕೆನ್ನೆಗೆ ಕೈ ಹಚ್ಚಿ, ಆವರೆಗೆ ತಡೆದಿದ್ದನ್ನೆಲ್ಲ ಬಿಟ್ಟು ಅತ್ತಳು. ಅನಸೂಯಾ ಅವಳ ಬೆನ್ನು ಹಿಡಿದುಕೊಂಡು ನಿಂತಳು. ನಾನು ಗೋಡೆ ನೋಡಿದೆ.

ಅಳು ನಿಂತ ಮೇಲೆ ಅವಳು ಕೇಳಿದ್ದು ಒಂದೇ.

"ಸುಟ್ರಂತಲ್ಲಣ್ಣ ಅಕೀನ. ನಮ್ಮಾಗ ಸುಡೂದಿಲ್ಲ, ಮಣ್ಣಾಗ ಇಡ್ತೀವಿ. ನಾ ಹಡದಾಕಿ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಇದನ್ನ ನನಗ ಕೊಡ್ತೀಯೇನು?"

ಚಿತ್ರಗಾರರ ಮನೆಯಲ್ಲಿ ದೇವಿಯ ಮುಖವನ್ನು ನೀರಿಗೆ ಬಿಡುತ್ತಾರೆ, ನೆಲದಲ್ಲಿ ಹೂಳುವುದಿಲ್ಲ. ನನ್ನ ಅಪ್ಪ ಬದುಕಿದ್ದರೆ ನನ್ನ ಕೈ ಕಡಿಯುತ್ತಿದ್ದ. ನಾನು ಅನಸೂಯಾಳ ಮುಖ ನೋಡಿದೆ. ಅವಳು ಆಗಲೇ ಟ್ರಂಕಿನಿಂದ ತನ್ನ ಹಸಿರು ಇಳಕಲ್ ಕುಬಸದ ಬಟ್ಟೆ ತೆಗೆಯುತ್ತಿದ್ದಳು.

ಶೆಡ್ಡಿನ ಹಿಂದೆ, ಖಾಡಿಯ ಉಬ್ಬರದ ನೀರು ಮುಟ್ಟದ ಎತ್ತರದಲ್ಲಿ ನಾನು ಗುಂಡಿ ತೋಡಿದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಮಣ್ಣು ಕಪ್ಪಗೆ, ಜಿಗಟಾಗಿ ಸಲಿಕೆಗೆ ಅಂಟುತ್ತಿತ್ತು. ಅನಸೂಯಾ ಅರಿಸಿನ ಹಚ್ಚಿದಳು, ಹೂವು ಇಟ್ಟಳು. ಮರೆಮ್ಮ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕೂತಳು. ಇಳಿಸುವ ಮೊದಲು ನನ್ನತ್ತ ತಿರುಗಿದಳು.

"ಅಣ್ಣ, ಈ ತುಟೀನ ಮುಚ್ಚು."

ನನಗೆ ಅರ್ಥವಾಗಲಿಲ್ಲ.

"ಅಕಿ ಬೇಡಿದ್ಲು. ನಾ ಕೊಡಲಿಲ್ಲ. ನಿನಗ ಬರತೈತಿ, ಮುಚ್ಚು. ಚಂದಾಗಿ ಹೋಗ್ಲಿ."

ನಾನು ಮುಂದೆ ಬಂದು ಕೂತೆ. ಮಣ್ಣು ತೆಗೆದುಕೊಂಡೆ. ಸಾವಿರ ತುಟಿ ತಿದ್ದಿದ ಕೈ ನನ್ನದು, ಆ ಬಿರುಕಿನ ಹತ್ತಿರ ಬಂದು ನಿಂತುಬಿಟ್ಟಿತು, ಮುಂದೆ ಹೋಗಲಿಲ್ಲ. ಯಾರೋ ಮೊಣಕೈ ಹಿಡಿದಿದ್ದಾರೆ ಎನ್ನಿಸಿತು. "ನನ್ನ ಕೈಲಿ ಆಗೂದಿಲ್ಲವ್ವ," ಎಂದೆ.  ಮರೆಮ್ಮ ಗುಂಡಿಯ ಅಂಚಿನಿಂದ ಒಂದು ಚಿಟಿಕೆ ಕಪ್ಪು ಮಣ್ಣು ತೆಗೆದು, ಉಗುಳಿನಿಂದ ಹದ ಮಾಡಿ, ಹೆಬ್ಬೆರಳಿನಿಂದ ತಾನೇ ತುಂಬಿದಳು. ಇಟ್ಟಿಗೆಯ ಸಂದಿಗೆ ಗಾರೆ ಒತ್ತುವ ಹಾಗೆ ಒತ್ತಿದಳು. ಬೂದು ಮುಖದ ಮೇಲೆ ಅದು ಕಪ್ಪಗೆ, ಒರಟಾಗಿ, ಉಬ್ಬಿಕೊಂಡು ಕೂತಿತು. ಹೆಬ್ಬೆರಳಿನ ಗೆರೆಗಳು ಒಂದೊಂದೂ ಮೂಡಿದ್ದವು. ಬಿರುಕಿಗಿಂತ ಈ ಗುರುತೇ ಹೆಚ್ಚು ಕಾಣುತ್ತಿತ್ತು. ಅದನ್ನು ತೀಡಿ ನುಣುಪು ಮಾಡಲು ನನ್ನ ಬೆರಳು ತಾನಾಗಿಯೇ ಚಾಚಿತು. ಅನಸೂಯಾ ನನ್ನ ಮುಂಗೈ ಹಿಡಿದಳು.

"ಬಿಡ್ರಿ," ಎಂದಳು.

"ಈಗ ಚಂದ ಆದಿ ನೋಡವ್ವ," ಎಂದು ಮರೆಮ್ಮ ಆ ಮುಖಕ್ಕೆ ಹೇಳಿದಳು. ಹಸಿರು ಬಟ್ಟೆಯಲ್ಲಿ ಸುತ್ತಿ, ಮುಖ ಮಾತ್ರ ತೆರೆದಿಟ್ಟು, ಗುಂಡಿಗೆ ಇಳಿಸಿದಳು. ಮೂರು ಹಿಡಿ ಮಣ್ಣನ್ನು ಬಟ್ಟೆಯ ಮೇಲೆ ಹಾಕಿದಳು. ಅನಸೂಯಾ ಹಾಕಿದಳು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ನಾನು ಹಿಂದೆ ಸರಿದೆ. ನಾನು ಯಾರು, ಯಾವ ಮುಖ ಇಟ್ಟುಕೊಂಡು ಹಾಕಲಿ?

"ನೀನೂ ಹಾಕಣ್ಣ," ಎಂದಳು ಮರೆಮ್ಮ. "ಅಕಿ ಮುಖಾನ ಕಡೀಕ ನೋಡಿದಾವ ನೀನಽ."

ನಾನು ಮಣ್ಣು ತೆಗೆದುಕೊಂಡೆ. ಮೊದಲನೆಯ ಹಿಡಿ ಹಣೆಯ ಮೇಲೆ ಬಿತ್ತು. ಎರಡನೆಯದು ಕಣ್ಣು ಬರೆಯದ ಜಾಗವನ್ನು ಮುಚ್ಚಿತು. ತುಟಿ ಇನ್ನೂ ಕಾಣುತ್ತಿತ್ತು. ಮೂರನೆಯ ಹಿಡಿಯನ್ನು ಬಿಡಲು ನನಗೆ ಬಹಳ ಹೊತ್ತು ಹಿಡಿಯಿತು.